ರಾಯಲ್ ಪ್ರೂಡೆನ್ಸ್ ಮುಳುಗಿದ್ದಕ್ಕೆ ದೂರಿಲ್ಲ

"ಉಜ್ಜೋ, ಬೋಳಿಮಗನೇ! ಹಲಗೆ ಹಾಲಿನಂಗೆ ಆಗ್ಬೇಕು. ಇವತ್ತು ಅಡ್ಮಿರಲ್ ಸಾಹೇಬ್ರು ಬರ್ತಾರೆ!"

ಲೆಫ್ಟಿನೆಂಟ್ ಡ್ರೇಕಾಟನ ಬೂಟುಗಾಲು ಒಬಡಾಯ ಟ್ರಾಸ್ಕನ ಬೆನ್ನಿಗೆ ಬಿತ್ತು. ಹಡಗಿನ ಮೇಲಂತಸ್ತಿನಲ್ಲಿ ಮೊಣಕಾಲೂರಿದ್ದ ಒಬಡಾಯ ಮರಳು ಚೆಲ್ಲಿದ ಹಲಗೆಯ ಮೇಲೆ ಕಲ್ಲು ಉಜ್ಜುತ್ತಲೇ ಇದ್ದ. ಅವನ ಜೀವವೆಲ್ಲ ಕೆಳಗಿತ್ತು. ಹಡಗಿನ ಹೊಟ್ಟೆಯಲ್ಲಿ ಅವನ ತಮ್ಮ ಕೇಲೆಬ್ ನೀರೆತ್ತುವ ಪಂಪು ಒತ್ತುತ್ತಿದ್ದ. ಇಬ್ಬರನ್ನೂ ನೌಕಾಪಡೆಯವರು ಪೋರ್ಟ್ಸ್‌ಮತ್ ಬಂದರಿನ ಹೆಂಡದಂಗಡಿಯಿಂದ ಒಂದೇ ಹಗ್ಗದಲ್ಲಿ ಕಟ್ಟಿ ಎಳೆತಂದು, ಅರಸನ ಸೇವೆಗೆ ತಾವಾಗಿಯೇ ಬಂದವರು ಎಂದು ಬರೆದುಕೊಂಡಿದ್ದರು.

ರಾಯಲ್ ಪ್ರೂಡೆನ್ಸ್ ಅಂದರೆ ಸುಮ್ಮನೆಯೇ? ಎಪ್ಪತ್ನಾಲ್ಕು ತೋಪಿನ ಯುದ್ಧನೌಕೆ! ಇಪ್ಪತ್ತೊಂದು ವರ್ಷದಲ್ಲಿ ಕಂಡದ್ದು ಒಂದೇ ಕದನ, ಅದೂ ದೂರದ ಹೊಗೆ ಮಾತ್ರ. ಅರಸನ ಹುಟ್ಟುಹಬ್ಬಕ್ಕೆ ತೋಪು ಹಾರಿಸುವುದನ್ನು ಮಾತ್ರ ಒಂದು ವರ್ಷವೂ ತಪ್ಪಿಸಿರಲಿಲ್ಲ. ತಳದ ಮರ ಬೆರಳಿಟ್ಟರೆ ಉದುರುತ್ತಿತ್ತು. ಅದಕ್ಕೂ ದುರಸ್ತಿ ಆಗಿತ್ತು ಬಿಡಿ, ಹೊರಗಡೆ ಹಳದಿ ಬಣ್ಣ ಬಳಿದಿದ್ದರು.

"ಬುದ್ದೀ, ಕೆಳಗೆ ಐದಡಿ ನೀರೈತೆ," ಎಂದ ಒಬಡಾಯ. "ಪಂಪಿಗೆ ನಾಕೇ ಜನ. ನಮ್ಮಲ್ಲಿ ಹತ್ತಾಳು ಕೆಳಗೆ ಕಳ್ಸಿ."

"ಸಾಹೇಬ್ರು ಬಂದು ತಳ ಬಗ್ಗಿ ನೋಡ್ತಾರೇನೋ, ಮುಠ್ಠಾಳ?" ಡ್ರೇಕಾಟ್ ಮೂಗು ಮುಚ್ಚಿಕೊಂಡ. "ಥೂ, ಕೊಳೆನೀರಿನ ಗಬ್ಬು ಮೇಲಕ್ಕೆ ಬರ್ತಾ ಇದೆ. ತಳಕ್ಕಿಳಿಯೋ ಆ ಬಾಗಿಲು ಮುಚ್ಚಿ ಅಗುಳಿ ಹಾಕ್ರೋ!"

"ಒಳಗೆ ಜನ ಅವ್ರೆ! ನನ್ ತಮ್ಮ ಅವ್ನೆ!"

"ಪಂಪು ಒತ್ತೋಕೆ ಬಾಗಿಲು ಯಾಕೆ ಬೇಕೋ?"

ಅಡ್ಡ ಹೋದ ಒಬಡಾಯನನ್ನು ಕಾವಲಿನವರು ಬಡಿದು ಎಳೆದರು. ಅಗುಳಿ ಬಿತ್ತು.

ಅಡ್ಮಿರಲ್ಲರ ದೋಣಿ ಕಾಣಿಸಿತು. ಸಲಾಮಿನ ಹದಿಮೂರು ತೋಪು ಒಂದೊಂದಾಗಿ ಹಾರತೊಡಗಿದವು. ಏಳನೆಯದಕ್ಕೆ ಹಡಗಿನ ತಳದಲ್ಲಿ ಏನೋ ಲಟಲಟ ಮುರಿಯಿತು. ಹತ್ತನೆಯದಕ್ಕೆ ಹಡಗು ಒಂದು ಮಗ್ಗುಲಿಗೆ ವಾಲಿತು. ಅರ್ಧಕ್ಕೆ ನಿಲ್ಲಿಸಿದರೆ ಅಡ್ಮಿರಲ್ಲರಿಗೆ ಅವಮಾನವಲ್ಲವೇ? ಕ್ಯಾಪ್ಟನ್ ಟೋಪಿ ಹಿಡಿದುಕೊಂಡು ಹದಿಮೂರನ್ನೂ ಹಾರಿಸಿ ಪೂರೈಸಿದ. ಆಮೇಲೆ ಯುದ್ಧನೌಕೆ ಶತ್ರುವಿನ ಮುಖವನ್ನೇ ನೋಡದೆ ಬಂದರಿನಲ್ಲಿ ಮುಳುಗಿತು. ಒಬಡಾಯ ತೇಲುವ ಹಲಗೆಯೊಂದನ್ನು ತಬ್ಬಿಕೊಂಡು ತಮ್ಮನ ಹೆಸರು ಕೂಗಿದ. ಗಂಟಲು ಹರಿಯುವವರೆಗೂ ಕೂಗಿದ.

ಹಡಗು ಮುಳುಗಿಹೋದರೆ ಬದುಕುಳಿದವರನ್ನೆಲ್ಲ ವಿಚಾರಣೆಗೆ ನಿಲ್ಲಿಸುವುದು ನೌಕಾಪಡೆಯ ಪದ್ಧತಿ. ಹದಿನೈದನೇ ದಿನ ಮತ್ತೊಂದು ಹಡಗಿನಲ್ಲಿ ನ್ಯಾಯಮಂಡಲಿ ಕೂತಿತು.

"ನಿಮ್ಮ ಅಧಿಕಾರಿಗಳ ಮೇಲೆ ನಿಮ್ಮಲ್ಲಿ ಯಾರದಾದರೂ ದೂರು ಇದೆಯೇ?"

ಇಲ್ಲ ಎನ್ನಬೇಕೆಂದು ಡ್ರೇಕಾಟ್ ಮೂರು ದಿನ ಬಾಯಿಪಾಠ ಮಾಡಿಸಿದ್ದ. ಎಲ್ಲರೂ ತಲೆ ತಗ್ಗಿಸಿದರು. ಗುಮಾಸ್ತ ಉತ್ತರಕ್ಕೂ ಕಾಯದೆ 'ದೂರಿಲ್ಲ' ಎಂದು ದುಂಡಗೆ ಬರೆದ.

"ಐತೆ," ಎಂದ ಒಬಡಾಯ.

"ಬರೆದಾಯ್ತಲ್ಲಪ್ಪಾ," ಗುಮಾಸ್ತ ನೊಂದುಕೊಂಡ. "ಅಕ್ಷರ ಎಷ್ಟು ಚೆನ್ನಾಗಿ ಬಂದಿದೆ ನೋಡು."

ಡ್ರೇಕಾಟ್ ಹಲ್ಲು ಕಡಿದ. "ಬಾಯ್ಮುಚ್ಚೋ, ನೇಣಿಗೆ ಹೋಗ್ತೀಯ!"

ಒಬಡಾಯ ಮುಂದೆ ಹೋಗಿ ಶಾಯಿಯ ಕುಡಿಕೆಯನ್ನು ಆ ಹಾಳೆಯ ಮೇಲೆ ಬೋರಲು ಹಾಕಿದ. ಕಾವಲಿನವರು ಓಡಿಬಂದು ಅವನ ಎರಡೂ ತೋಳು ತಿರುಚಿ ಹಿಡಿದರು.

"ಹೊಸ ಹಾಳೆ ತಗೊಳ್ಳಿ ಸ್ವಾಮಿ," ಎಂದ. "ಸತ್ತೋನು ಕೇಲೆಬ್ ಟ್ರಾಸ್ಕ್, ನನ್ ತಮ್ಮ. ಅಗುಳಿ ಹಾಕ್ಸಿದೋನು ಅಗೋ, ಅಲ್ಲಿ ನಿಂತವ್ನೆ. ಬರ್ಕೊಳ್ಳಿ."