ಮಾಳಿಗೆಯ ಮೇಲಿನ ಮಣ್ಣು

ಕೊಟ್ರೇಶ, ನಿನಗೇ ಹೇಳುತ್ತಿದ್ದೇನೆ. ಈ ವಾಟ್ಸಾಪ್ ಗುಂಪಿನಲ್ಲಿರುವ ಉಳಿದ ಬಂಧುಗಳೂ ಕೇಳಿಸಿಕೊಳ್ಳಿ. "ತಾತಗ ಈಗ ಏನೂ ನೆನಪಿರಂಗಿಲ್ಲ, ಕನಸಿನಾಗ ಕಂಡಿದ್ದನ್ನ ಕತಿ ಮಾಡಿ ಹೇಳ್ತಾನ" ಅಂತ ಹಾಕಿದ್ದೀಯಲ್ಲ, ನಾಚಿಕೆಯಾಗಲ್ಲವೇನೋ? ಭೂಕಂಪಕ್ಕೆ ಲಾತೂರು ನಡುಗಿದ ದಿನ ನೀನು ಹುಟ್ಟೇ ಇರಲಿಲ್ಲ. ನಮ್ಮ ಅಡುಗೆಮನೆಯ ನೆಲುವು ತೂಗಾಡಿತು, ಹಿತ್ತಾಳೆ ಚೆಂಬು ಉರುಳಿ ಬಿತ್ತು. ನಿಮ್ಮಜ್ಜಿ ವೀರಬಸಮ್ಮ ಎದ್ದು ಬೆಕ್ಕನ್ನು ಬೈದಳು. ಬೆಕ್ಕಲ್ಲ ಅಂತ ಆಮೇಲೆ ರೇಡಿಯೋ ಹೇಳಿತು. ಪಾಪ, ಬೆಕ್ಕು ಪುಕ್ಕಟೆ ಬೈಸಿಕೊಂಡಿತು.

ಅಲ್ಲಿ ಜನರನ್ನು ಕೊಂದದ್ದು ಅವರವರ ಮನೆಗಳೇ. ಮಣ್ಣಲ್ಲಿ ಕೂಡಿಸಿದ ಕಲ್ಲಿನ ಗೋಡೆ, ಮೇಲೆ ದಪ್ಪ ಮಣ್ಣಿನ ಮಾಳಿಗೆ. ನಮ್ಮೂರ ಅಂಗನವಾಡಿಯೂ ಅದೇ ಜಾತಿಯದು. ನನ್ನ ಮುತ್ತಾತ ಹತ್ತಿ ತುಂಬಲು ಕಟ್ಟಿಸಿದ್ದ, ಆಮೇಲೆ ಊರಿಗೆ ಬಿಟ್ಟುಕೊಟ್ಟೆವು. ಅದನ್ನು ನಾನು ಹಾಳು ಅಂದರೆ ನಿನಗೆ ಮನೆತನದ ಮರ್ಯಾದೆ ಹೋಯಿತು. ಅಲ್ಲಿ ಕೂತಿರುವುದು ಮಕ್ಕಳೋ, ನಿನ್ನ ಮರ್ಯಾದೆಯೋ?

ಥೂ, ಬೆರಳು ಜಾರಿ ಸಂದೇಶ ಅರ್ಧಕ್ಕೇ ಹೋಯಿತು. ಇದು ಮುಂದಿನ ಭಾಗ.

ಅಲ್ಲಿ ಮಕ್ಕಳಿಗೆ ಪಾಠ ಹೇಳುವವಳು ದಸ್ತಗಿರಮ್ಮ. ಗೋಡೆ ಹೊಟ್ಟೆ ಉಬ್ಬಿದ್ದು ನೋಡಿ, ಸರ್ಕಾರಿ ಕಟ್ಟಡಗಳ ಸರ್ವೆಗೆ ಬರುವವರನ್ನು ಇಲ್ಲಿಗೂ ಕರೆಸಿದಳು. ಅವರು ಅಪಾಯ ಅಂದರೆ ಮಕ್ಕಳನ್ನು ಹೊಸ ಕಮ್ಯೂನಿಟಿ ಹಾಲಿಗೆ ಒಯ್ಯಬಹುದು ಅಂತ ಅವಳ ಆಸೆ. ಆದರೆ ಊರಿನ ಕಟ್ಟಡಗಳ ಉಸ್ತುವಾರಿ ಬಜಾರಪ್ಪನದು. ದೊಡ್ಡವರು ಬರುತ್ತಾರೆ ಅಂತ ಆ ಮಹಾರಾಯ ಏನು ಮಾಡಿದ ಗೊತ್ತೇ? ಹೆಣ್ಣು ನೋಡಲು ಬರುವವರಿಗೆ ಸಿಂಗರಿಸಿದ ಹಾಗೆ, ಉಬ್ಬಿದ ಗೋಡೆಗೆ ಸಿಮೆಂಟಿನ ಗಿಲಾವು ಹೊಡೆಸಿ, ಗುಲಾಬಿ ಬಣ್ಣ ಬಳಿಸಿ, ಸೋರದಿರಲಿ ಅಂತ ಮಾಳಿಗೆಯ ಮೇಲೆ ಹೊಸ ಚೌಳು ಮಣ್ಣು ಹರಡಿಸಿದ!

ಇಂಜಿನಿಯರು ಚೇತನಾ ಅಂತ, ನಮ್ಮ ಆಂಧ್ರ ಕಡೆಯ ಆದೋನಿಯ ಹುಡುಗಿಯೇ, ಕನ್ನಡದವಳು. ಬಂದವಳು ಗೋಡೆಯ ಮೇಲೆ ಕೈಯಿಟ್ಟಳು.

"ಮೇಡಂ, ಬಣ್ಣ ಹಸಿ ಐತ್ರಿ, ಮುಟ್ಟಬ್ಯಾಡ್ರಿ!" ಅಂದ ಬಜಾರಪ್ಪ.

"ಒಳಗ ಕಲ್ಲು ಹೆಂಗ ಕೂಡಿಸ್ಯಾರ ನೋಡಬೇಕ್ರಿ. ಒಂದು ಕಡೆ ಗಿಲಾವು ಕೆತ್ತಲೇನು?"

"ಕೆತ್ತಾದಾ? ನಿನ್ನೆ ತಾನೆ ಮಾಡಿಸೀವ್ರಿ! ಅಂತಾ ಬಾಗುಂದಿ ಮೇಡಂ, ಅಂತಾ ಬಾಗುಂದಿ." ಎಲ್ಲ ಚೆನ್ನಾಗಿದೆ ಅಂತ ತೆಲುಗಿನಲ್ಲಿ ಬೇರೆ!

ನಾನು ಕಟ್ಟೆಯ ಮೇಲಿಂದ, "ಕೆತ್ತವ್ವಾ, ನಮ್ಮಪ್ಪನ ಮನಿ ಗಂಟೇನು ಹೋಗತೈತಿ!" ಅಂದೆ.

"ಸಾವ್ಕಾರ್ರ, ನಿಮ್ಮ ಮುತ್ತಾತನ ಗೋಡಿಗೆ ನೀವೇ ಸುತ್ತಿಗಿ ಹೊಡಸ್ತೀರೇನು?" ಅಂದ ಬಜಾರಪ್ಪ. ಸುತ್ತಲಿದ್ದವರು ಹಲ್ಲು ಕಿರಿದರು. ಯಾವಾಗಲೂ ಹಾಗೇ. ನಾನು ಬಾಯಿ ಬಿಟ್ಟರೆ ಇವರಿಗೆ ನಗುವುದೊಂದೇ ಕೆಲಸ.

ಹುಡುಗಿ ಗೋಡೆ ಬಿಟ್ಟಳು. ಏಣಿ ಕೇಳಿ ಮಾಳಿಗೆ ಹತ್ತಿದಳು. ಬಜಾರಪ್ಪ ಹಿಂದೆಯೇ ಹತ್ತಿದ. ಇಬ್ಬರ ಮಾತೂ ಕೆಳಗಿದ್ದ ನನಗೆ ಚೆನ್ನಾಗಿ ಕೇಳುತ್ತಿತ್ತು. ಕಿವಿ ಇನ್ನೂ ಸರಿಯಾಗಿದೆ, ಕೊಟ್ರೇಶ.

"ನಮ್ಮಪ್ಪನ ಕಾಲದಿಂದ ಪ್ರತಿ ವರ್ಷ ಮಳಿಗಿಂತ ಮೊದ್ಲು ಹೊಸ ಚೌಳು ಹಾಕ್ತೀವ್ರಿ. ಒಂದು ವರ್ಷಾನೂ ತಪ್ಪಿಸಿಲ್ಲ. ಒಂದು ಹನಿ ಒಳಗ ಬೀಳಂಗಿಲ್ಲ!"

"ಹಳೇ ಮಣ್ಣು ತೆಗದು ಹಾಕ್ತೀರೇನು?"

"ತೆಗಿಯಾದ್ಯಾಕ್ರಿ? ಅದರ ಮ್ಯಾಗೇ. ಎಷ್ಟು ಗಟ್ಟಿ ಐತಿ ನೀವೇ ನೋಡ್ರಿ!"

ಅಂದವನೇ ಹಾರೆ ತರಿಸಿ ಒಂದು ಗುಣಿ ತೋಡಿ, ಅದರೊಳಗೆ ಕೈಯಿಳಿಸಿ ತೋರಿಸಿದ. ಮೊಣಕೈ ಮುಳುಗಿದರೂ ತಳ ಸಿಗಲಿಲ್ಲವಂತೆ. ಶಭಾಷ್ ಅನ್ನುತ್ತಾಳೆ ಅಂತ ಕಾದ. ಆಕೆ ಕೇಳಿದ್ದು ಒಂದೇ: "ಕೆಳಗ ಮಕ್ಕಳು ಅದಾರೇನ್ರಿ?"

"ಅದಾವ್ರಿ, ಹಾಡಾಕತ್ತಾವ."

"ಮೊದ್ಲು ಅವರನ್ನ ಹೊರಗ ಕರೀರಿ."

ಕೆಳಗಿಳಿದು ಎಲ್ಲರಿಗೂ ಬಿಡಿಸಿ ಹೇಳಿದಳು. ನೆಲ ಅಲುಗಿದರೆ ಮೇಲಿನ ಭಾರ ಗೋಡೆಯನ್ನು ಅತ್ತಿತ್ತ ತಳ್ಳುತ್ತದೆ, ಗೋಡೆ ಬಿರಿಯುತ್ತದೆ, ಅಷ್ಟೂ ಮಣ್ಣು ಮಕ್ಕಳ ಮೇಲೆ ಬೀಳುತ್ತದೆ.

"ನಮ್ಮದು ನಡಗೋ ಸೀಮಿ ಅಲ್ಲಂತ ನಿಮ್ಮ ಸರ್ಕಾರದವರೇ ಹೇಳ್ಯಾರಲ್ರೀ?" ಬಜಾರಪ್ಪ ಬಿಡಲಿಲ್ಲ.

"ಕಡಿಮಿ ಅಂದಾರ್ರಿ, ಇಲ್ಲವೇ ಇಲ್ಲ ಅಂದಿಲ್ಲ. ಲಾತೂರಿನವರೂ ಹಂಗೇ ತಿಳ್ಕೊಂಡಿದ್ರು. ಇಷ್ಟು ಭಾರಕ್ಕ ದೊಡ್ಡ ಭೂಕಂಪಾನೇ ಆಗಬೇಕಂತಿಲ್ಲ."

ಮಕ್ಕಳನ್ನು ಬೇರೆ ಕಡೆ ಕೂರಿಸಿ, ಮಣ್ಣು ಇಳಿಸಿ, ಗೋಡೆ ಬಿಗಿ ಮಾಡಿಸಿ ಅಂತ ಹೇಳಿ ಹೋದಳು. ಜನ ಕೇಳಿದರೇ? ಮರ್ಯಾದೆ ತೆಗೆಸಿದಳು ಅಂತ ದಸ್ತಗಿರಮ್ಮನ ಮೇಲೇ ಬಿದ್ದರು. ಕಮ್ಯೂನಿಟಿ ಹಾಲಿನ ಬೀಗ ನಾಲ್ಕು ದಿನ ತೆಗೆದರು. ಆಮೇಲೆ ಪೆದ್ದಣ್ಣನ ಮಗಳ ಲಗ್ನ ಬಂತು, ಮಕ್ಕಳನ್ನು ಹೊರಗೆ ಹಾಕಿ ಶಾಮಿಯಾನ ಒಳಗಿಟ್ಟರು. ಬಟ್ಟೆಗೆ ಗಟ್ಟಿ ಸೂರು, ಮಕ್ಕಳಿಗೆ ಬೇವಿನ ನೆರಳು! ದಸ್ತಗಿರಮ್ಮ ಈಗ ಆ ಬೇವಿನ ಕೆಳಗೇ ಪಾಠ ಮಾಡುತ್ತಾಳೆ. "ಬಿಸಿಲಾಗ ನಮ್ಮ ಹುಡುಗರನ್ನ ಸುಡ್ತೀಯೇನವ್ವಾ?" ಅಂತ ತಾಯಂದಿರು ಜಗಳ ತೆಗೆದರು.

"ನನ್ನ ಎಷ್ಟಾದ್ರೂ ಬೈರಿ, ಒಳಗ ಮಾತ್ರ ಕಳಸಂಗಿಲ್ಲ" ಅಂದಳು.

ಬಿಸಿಲಿಗೇನೋ ಬೇವು ಆಯಿತು. ಮಳೆ ಬಂದರೆ? ಮೋಡ ಕಟ್ಟುತ್ತಿದೆ. ಒಂದು ಜೋರು ಮಳೆ ಬಂತೆಂದರೆ ತಾಯಂದಿರೇ ಮಕ್ಕಳನ್ನು ಆ ಮಾಳಿಗೆಯ ಕೆಳಗೆ ದಬ್ಬುತ್ತಾರೆ, ಒಬ್ಬಳೇ ಎಷ್ಟು ತಡೆದಾಳು?

ಇಷ್ಟೆಲ್ಲ ಆದ ಮೇಲೆ ನಿನ್ನೆ ಬಜಾರಪ್ಪ ಏನಂದ ಕೇಳಿ, ನನ್ನ ತಲೆ ಕಾದದ್ದೇ ಅದಕ್ಕೆ. "ಗುಣಿ ತೋಡಿದ್ನಲ್ರೀ, ಅಲ್ಲಿ ಸೋರತೈತಿ. ಐತವಾರ ಎಲ್ಲಾರೂ ಬುಟ್ಟಿ ತಗೊಂಡು ಬರ್ತಾರ, ಇನ್ನೊಂದು ಪದರು ಹಾಕಿಬಿಡ್ತೀವಿ." ಏನಂತ ಬೈಯಲಿ ಇವನನ್ನ? ಕಳ್ಳನಲ್ಲ, ಸೋಮಾರಿಯಲ್ಲ, ಬಿಸಿಲಲ್ಲಿ ತಾನೇ ಮುಂದೆ ನಿಂತು ಹೊರುತ್ತಾನೆ!

ಅದಕ್ಕೇ ಇದನ್ನು ಎಲ್ಲರಿಗೂ ಕಳಿಸಿ. ಐತವಾರ ಬುಟ್ಟಿ ತಗೊಂಡೇ ಬನ್ನಿ, ಆದರೆ ಖಾಲಿ ಬುಟ್ಟಿ ಮೇಲೆ ಹೋಗಬೇಕು, ತುಂಬಿದ್ದು ಕೆಳಗೆ ಬರಬೇಕು. ಒಳಗೆ ಯಾರೂ ಇರಬಾರದು, ಒಂದೇ ಕಡೆಯಿಂದ ಅಗೆಯಬಾರದು ಅಂತ ಚೇತನಾ ಫೋನಿನಲ್ಲಿ ಹೇಳಿದ್ದಾಳೆ, ಬಂದು ನಿಲ್ಲುತ್ತೇನೆ ಅಂದಿದ್ದಾಳೆ. ಬಜಾರಪ್ಪ ನಮ್ಮ ಗುಂಪಿನಲ್ಲಿಲ್ಲ. ಕೊಟ್ರೇಶ, ಅವನ ಮಗ ನಿನ್ನ ದೋಸ್ತನಲ್ಲವೇ? ತಾತನಿಗೆ ಮರೆವು ಅಂತ ಬೇಕಾದರೆ ಮುಂದೆ ಸೇರಿಸು, ಆದರೆ ಇವತ್ತೇ ಅವನಿಗೆ ಕಳಿಸು, ಅಪ್ಪನಿಗೆ ಕೇಳಿಸಲಿ.