ಅತ್ತಿಗೆ ಕೂತ ಜಾಗ

ಮೂರು ದಿನದಿಂದ ಅತ್ತಿಗೆ ಬೆನ್ನು ನೆಲಕ್ಕೆ ತಾಗಿಸಿರಲಿಲ್ಲ. ಗಂಡನ ತಂಗಿ ಕರೆಯುವುದನ್ನು ಕೇಳಿ ಕೇಳಿ ಬೀದಿಯವರಿಗೆಲ್ಲ ಅವಳು ಅತ್ತಿಗೆಯೇ ಆಗಿಬಿಟ್ಟಿದ್ದಳು. ಹೆತ್ತವರು ಇಟ್ಟ ಹೆಸರು ಬೀರುವಿನೊಳಗೆ ಗುರುತಿನ ಚೀಟಿಯಲ್ಲಿ ಹಾಯಾಗಿ ಮಲಗಿತ್ತು. ಮನೆಯಲ್ಲಿ ಅದಕ್ಕಾದರೂ ನಿದ್ದೆ ಸಿಕ್ಕಿತ್ತಲ್ಲ, ಪುಣ್ಯ.

ಹಿಂದಿನ ಕೋಣೆಯಲ್ಲಿ ಸಾಕಿ ಮಾರಲೆಂದು ತಂದ ಮುನ್ನೂರು ಗೌಜಲಕ್ಕಿ ಮರಿಗಳಿದ್ದವು, ಇದು ಅವಳ ಮೂರನೆಯ ತಂಡ. ಮೊಟ್ಟೆಯೊಡೆದು ಬಂದು ಮೂರೇ ದಿನ, ಒಂದೊಂದೂ ಹೆಬ್ಬೆರಳಿನಷ್ಟು. ಚಳಿಯಾದರೆ ಒಂದರ ಮೇಲೊಂದು ಹತ್ತಿ ಗುಡ್ಡೆಯಾಗುವುದು ಬಿಟ್ಟರೆ ಈ ಪ್ರಾಣಿಗಳಿಗೆ ಬೇರೆ ಏನೂ ತಿಳಿಯದು. ಮೇಲಿನವು ಬೆಚ್ಚಗಿರುತ್ತವೆ, ಅಡಿಯಲ್ಲಿ ಸಿಕ್ಕವು ಉಸಿರುಕಟ್ಟಿ ಸಾಯುತ್ತವೆ.

ಮೊದಲ ಸಲ ಚೌಕದ ಪೆಟ್ಟಿಗೆಯಲ್ಲಿ ಬಿಟ್ಟಿದ್ದಳು. ಮೂಲೆಗೆ ನುಗ್ಗಿ ತೊಂಬತ್ತು ಸತ್ತವು. ಎರಡನೆಯ ಸಲ ರಟ್ಟನ್ನು ಬಳೆಯಂತೆ ಬಗ್ಗಿಸಿ ಸುತ್ತಲೂ ನಿಲ್ಲಿಸಿದಳು, ಮೂಲೆಯೇ ಇಲ್ಲದ ಹಾಗೆ. ಕಾಲು ಜಾರದಿರಲಿ ಎಂದು ಗೋಣಿತಾಟು ಹಾಸಿದಳು, ಮುಳುಗದಿರಲಿ ಎಂದು ನೀರಿನ ತಟ್ಟೆಗೆ ಬೆಣಚುಕಲ್ಲು ಹಾಕಿದಳು, ಕಾವಿಗೆಂದು ಎರಡು ಬಲ್ಬು ಇಳಿಬಿಟ್ಟು ಪಕ್ಕದಲ್ಲೇ ಕಾವಲು ಕೂತಳು. ಒಂದು ಮಧ್ಯಾಹ್ನ ಕೂತಲ್ಲೇ ಅರ್ಧ ಗಂಟೆ ಕಣ್ಣು ಹತ್ತಿತು. ಎದ್ದು ನೋಡಿದರೆ ಮೊಣಕಾಲಿನ ಮುಂದೆಯೇ ಗುಡ್ಡೆ. ನಲವತ್ತೆರಡು ಹೋಗಿದ್ದವು. ತಾನು ನಿದ್ದೆ ಮಾಡಿದ್ದಕ್ಕೇ ಹೋದವು ಎಂಬುದು ಅವಳ ಮನಸ್ಸಿಗೆ ಮೊಳೆ ಹೊಡೆದಂತೆ ಕೂತುಬಿಟ್ಟಿತು.

ಬಸ್ಸು ಓಡಿಸುವ ಗಂಡ ಕೂಗಾಡುವ ಪೈಕಿಯಲ್ಲ. "ಇನ್ನೊಂದು ಸಲ ನೋಡು. ಇದೂ ಹೋದ್ರೆ ಸಾಕು ಬಿಡು, ಆ ಕೋಣೇಲಿ ಹಳೇ ಸಾಮಾನು ಹಾಕೋಣ" ಎಂದಿದ್ದ, ಅಷ್ಟೆ. ಕೂಗಾಡಿದ್ದರೇ ಚೆನ್ನಾಗಿತ್ತು, ತಿರುಗಿ ನಾಲ್ಕು ಮಾತಾಡಬಹುದಿತ್ತು. ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ತನ್ನದು ಎಂದು ಅವಳಿಗಿದ್ದದ್ದು ಆ ಕೋಣೆಯೊಂದೇ.

ಹಾಗಾಗಿ ಈ ಸಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದಳು. ಉಸಿರಾಡಲು ಹಿತವೆಂದು ಹಿತ್ತಿಲ ಬಾಗಿಲಿಗೆ ಬೆನ್ನು ಕೊಟ್ಟು, ರಟ್ಟಿಗೆ ಮೊಣಕಾಲು ತಾಗಿಸಿ ಕೂರುವುದು ಅವಳ ಅಭ್ಯಾಸ. ಮರಿಗಳು ಬಂದು ಬಂದು ಅವಳ ಎದುರಿಗೇ ಮುಗಿಬೀಳುತ್ತಿದ್ದವು. ಅಂಗೈಯಿಂದ ಬಿಡಿಸಿ ಆಚೆ ತಳ್ಳಿದರೆ, ಕೈ ತೆಗೆಯುವಷ್ಟರಲ್ಲಿ ಮತ್ತೆ ಹಾಜರು. ಬಿಡಿಸಿ ಬಿಡಿಸಿ ಅವಳ ರಟ್ಟೆ ಬಿದ್ದುಹೋಗಿತ್ತು.

ಮೂರನೆಯ ದಿನ ಮಧ್ಯಾಹ್ನ ನಾದಿನಿ ಬಂದಳು. ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ಹೋದಲ್ಲೆಲ್ಲ ಸೆರಗಿನಿಂದ ದಾರದ ತುಂಡು ಉದುರಿಸುತ್ತಾಳೆ.

"ಅತ್ತಿಗೆ, ನಿಮ್ಮ ಮುಖ ನೋಡೋಕಾಗ್ತಿಲ್ಲ. ಹೋಗಿ ಮಲಗಿ, ನಾನಿರ್ತೀನಿ."

"ನೀನು ಒಂದು ಗುಂಡಿ ಹೊಲಿಯೋಷ್ಟರಲ್ಲಿ ಹತ್ತು ಸತ್ತಿರ್ತವೆ."

"ಮಲಗೋದು ಬೇಡ, ಮುಖಕ್ಕಾದ್ರೂ ನೀರು ಹಾಕ್ಕೊಳ್ಳಿ. ಮರಿಗಳು ಹೆದರ್ಕೊಂಡಾವು."

ನಗಲೂ ತ್ರಾಣವಿಲ್ಲದೆ ಅತ್ತಿಗೆ ಗೋಡೆ ಹಿಡಿದು ಎದ್ದಳು. ಮುಖ ತೊಳೆದು ಬಂದು ನೋಡಿದರೆ ಗುಡ್ಡೆ ಇದ್ದ ಜಾಗ ಖಾಲಿ. ಮರಿಗಳೆಲ್ಲ ಬಲ್ಬುಗಳ ಕೆಳಗೆ ಚದುರಿ, ಚಳಿ ಚಳಿ ಎಂಬಂತೆ ಚೀರುತ್ತಿದ್ದವು.

"ಏನ್ ಮಾಡಿದೆ?"

"ನಾನೇನ್ ಮಾಡ್ಲಿ, ಸುಮ್ನೆ ನಿಂತಿದ್ದೆ. ನೀವು ಹೋದ್ರಿ, ಅವೂ ಹೋದವು."

ಅತ್ತಿಗೆ ತನ್ನ ಜಾಗದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಒಂದು ಮರಿ ಬಂತು, ಹಿಂದೆಯೇ ಹತ್ತು, ಆಮೇಲೆ ದಂಡು. ನಾದಿನಿ ಮರಿಗಳನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ನೆಲದ ಮೇಲಿತ್ತು.

"ಅತ್ತಿಗೆ, ಒಂಚೂರು ಏಳಿ."

"ಈಗ ತಾನೇ ಕೂತೆ ಕಣೇ."

"ಏಳಿ ಅಂದೆ."

ಅತ್ತಿಗೆ ಎದ್ದಳು. ಬಾಗಿಲ ಹತ್ತಿರ ಬಿದ್ದಿದ್ದ ಕೆಂಪು ದಾರದ ತುಂಡೊಂದು ತಾನಾಗಿ ತೆವಳಿಕೊಂಡು ಬಂದು ರಟ್ಟಿನ ಬುಡಕ್ಕೆ ಅಂಟಿತು. ನಾದಿನಿ ಕುಕ್ಕರಗಾಲಲ್ಲಿ ಕೂತು ಬಾಗಿಲ ಕೆಳಗೆ ಕೈಯಿಟ್ಟಳು. ಎರಡು ಬೆರಳು ತೂರುವಷ್ಟು ಸಂದಿಯಿತ್ತು. ತಣ್ಣನೆಯ ಗಾಳಿ ಅಲ್ಲಿಂದ ನುಗ್ಗಿ, ಉಬ್ಬುತಗ್ಗಿನ ನೆಲದ ಮೇಲೆ ಸರಿಯಾಗಿ ಕೂರದ ರಟ್ಟಿನ ಅಡಿಯಿಂದ ಮರಿಗಳಿಗೆ ಬಡಿಯುತ್ತಿತ್ತು. ಅತ್ತಿಗೆ ಕೂತಾಗ ಅವಳ ಎದುರಿನ ಒಂದು ಮೊಳ ಜಾಗದಲ್ಲಿ ಮಾತ್ರ ಗಾಳಿಯಿರಲಿಲ್ಲ. ಮುನ್ನೂರಕ್ಕೂ ಬೇಕಾಗಿದ್ದದ್ದು ಆ ಒಂದು ಮೊಳ.

ನಾದಿನಿ ಚೂರುಬಟ್ಟೆಗಳನ್ನು ಉದ್ದನೆಯ ಚೀಲಕ್ಕೆ ತುರುಕಿ, ಬಾಯಿ ಹೊಲಿದು ತಂದು ಬಾಗಿಲ ಸಂದಿಗೆ ಒತ್ತಿದಳು. ಇಬ್ಬರೂ ದೂರ ನಿಂತು ಕಾದರು. ಚೀರಾಟ ನಿಂತಿತು. ಮರಿಗಳು ರಟ್ಟಿನ ಬಳೆಯ ತುಂಬಾ ಹರಡಿಕೊಂಡು, ಹೊಟ್ಟೆ ನೆಲಕ್ಕೆ ಹಚ್ಚಿ ಕಾಲು ಚಾಚಿ ಮಲಗಿದವು. ಬಿಡಿಸುವುದಕ್ಕೆ ಏನೂ ಉಳಿಯಲಿಲ್ಲ.

"ಹಾಗಾದ್ರೆ ಆವತ್ತು ನಿದ್ದೆಯಿಂದಲ್ಲ," ಎಂದಳು ಅತ್ತಿಗೆ. "ನಾನು ಅಲ್ಲಿ ಕೂತಿದ್ದಕ್ಕೇ ಸತ್ತವು." ಅವಳಿಗೆ ದುಃಖ ಒತ್ತರಿಸಿ ಬಂತು.

"ಗಾಳಿಗೆ ಸತ್ತವು, ಅತ್ತಿಗೆ. ನಿಮ್ಮ ಮರೆಗೆ ಅಂತ ಬಂದವು, ಪಾಪ. ಬರೋದೇನೋ ಸರಿ, ಎಲ್ಲಾ ಒಟ್ಟಿಗೆ ಬಂದ್ರೆ ಹೇಗೆ?"

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು ಹೋಗಿ ಮಂಚದ ಮೇಲೆ ಬಿದ್ದುಕೊಂಡಳು. ಸಂಜೆಯ ಹೊತ್ತಿಗೆ ಅವಳ ಬಾಗಿಲಲ್ಲಿ ಸದ್ದು. ಕೆಲಸದಿಂದ ಬಂದ ಗಂಡ ಟವೆಲ್ಲು ಎಲ್ಲಿ ಎಂದು ಕೇಳಿದ. ಅವನ ಹಿಂದೆ ಅತ್ತೆ, ಮಂಡಿಗೆ ಹಚ್ಚುವ ಎಣ್ಣೆ ಸಿಗುತ್ತಿಲ್ಲವೆಂದರು. ಅತ್ತೆಯ ಹಿಂದೆ ಅತ್ತಿಗೆಯ ಪುಟ್ಟ ಮಗಳು, ಕೈಯಲ್ಲಿ ಬಿಚ್ಚಿದ ಜಡೆ. ಮೂವರೂ ಒಬ್ಬರ ಭುಜದ ಮೇಲಿಂದ ಒಬ್ಬರು ಇಣುಕುತ್ತಿದ್ದರು.

ಅತ್ತಿಗೆ ಅರ್ಧ ಕಣ್ಣು ತೆರೆದು ಗಂಡನನ್ನು ದಾಟಿ ಕೂಗಿದಳು, "ಎಷ್ಟು ಹೋದವೇ?"

"ಒಂದೂ ಇಲ್ಲ ಅತ್ತಿಗೆ," ಹಿಂದಿನ ಕೋಣೆಯಿಂದ ಉತ್ತರ ಬಂತು. "ಮಲಗಿ ನೀವು."

ಗಂಡ ಆ ಕಡೆ ಒಮ್ಮೆ ನೋಡಿದ. ಹಳೇ ಸಾಮಾನಿನ ಮಾತೆತ್ತಲಿಲ್ಲ. "ಟವೆಲ್ಲು..." ಎಂದ ಮೆಲ್ಲಗೆ.

"ಎಲ್ಲರೂ ಬಂದು ನನ್ನ ಮೇಲೇ ಬೀಳಬೇಡಿ," ಎಂದಳು ಅತ್ತಿಗೆ, ಸಿಟ್ಟಿಲ್ಲದೆ. "ಅವರವರ ಜಾಗಕ್ಕೆ ಹೋಗಿ. ನಾನೂ ಉಸಿರಾಡಬೇಕು."

ಗೋಡೆಯ ಕಡೆ ಹೊರಳಿ ಹೊದಿಕೆ ಎಳೆದುಕೊಂಡಳು. ಮೂವರೂ ಒಬ್ಬೊಬ್ಬರಾಗಿ ಚದುರಿದರು.