ಕೈಹೊಲಿಗೆಯ ಕಾಜ

ಮೂರು ವರ್ಷ, ಕೋರ್ಟಿನ ಹದಿನಾಲ್ಕು ವಾಯಿದೆ. ತಂಗಿಯ ತೋಳಿಗೆ ಚೂರಿ ಹಾಕಿದವನನ್ನು ಕಣ್ಣಾರೆ ಕಂಡ ಸಾಕ್ಷಿ ಅವಳ ಅಣ್ಣ, ದರ್ಜಿಯೊಬ್ಬನೇ. ಅಣ್ಣನಿಗೆ ತಂಗಿ, ತಂಗಿಗೆ ಅಣ್ಣ. ಇಬ್ಬರಿಗೂ ಬೇರೆ ಹಿಂದುಮುಂದಿರಲಿಲ್ಲ.

ಕಟಕಟೆ ಹತ್ತುವ ಮುನ್ನ ಸರ್ಕಾರಿ ವಕೀಲರು ಅವನ ಹೆಗಲು ತಟ್ಟಿದರು. "ಕೊನೇಲಿ ಒಂದು ಅಂಗಿ ತೋರಿಸ್ತೀನಿ ಟೈಲರ್ರೇ. ಆರೋಪಿ ಮನೇಲಿ ಸಿಕ್ಕಿದ್ದು, ರಕ್ತ ಹತ್ತಿದೆ. ಅವತ್ತು ಅವನು ಹಾಕಿದ್ದ ಅಂಗಿ ನಾನೇ ಹೊಲಿದದ್ದು ಅಂತ ಪೊಲೀಸರಿಗೆ ಹೇಳಿದ್ದೀರಲ್ಲ, ಇದೇ ಅದು ಅಂದ್ಬಿಡಿ."

ಕಂಡದ್ದನ್ನೆಲ್ಲ ಅವನು ತಡವರಿಸದೆ ಹೇಳಿದ. ಬಳಿಕ ಅರಗಿನ ಮುದ್ರೆ ಒಡೆದು ನೀಲಿ ಗೀರಿನ ಅಂಗಿಯನ್ನು ಕೈಗಿತ್ತರು. ಬಣ್ಣ ಅದೇ, ಕಲೆಯೂ ಇತ್ತು. ಆದರೆ ಬೆರಳುಗಳು ಅಭ್ಯಾಸದಂತೆ ಗುಂಡಿಪಟ್ಟಿಯನ್ನು ಮಗುಚಿದವು. ಜೀವಮಾನವಿಡೀ ಅವನು ಗುಂಡಿ ತೂರಿಸುವ ಕಾಜಗಳನ್ನು ಸೂಜಿದಾರದಲ್ಲೇ ಕಟ್ಟಿದವನು, ಇವು ಯಂತ್ರದವು.

ಹಿಂದಿನ ಬೆಂಚಿನಲ್ಲಿ ತಂಗಿ ಆ ಅಂಗಿಯನ್ನೇ ನೋಡುತ್ತ ಕೂತಿದ್ದಳು.

"ಇದು ನನ್ನ ಕೈಕೆಲಸವಲ್ಲ ಸ್ವಾಮಿ," ಎಂದ. "ಆದರೆ ಚುಚ್ಚಿದವ ಇವನೇ."

ಸರ್ಕಾರಿ ವಕೀಲರ ಮುಖ ಹುಳ್ಳಗಾಯಿತು. ಆರೋಪಿಯ ವಕೀಲರು ಎದ್ದರು. "ಅಂಗಿಯ ಗುರುತೇ ಹತ್ತದವರಿಗೆ ಮುಖದ ಗುರುತು ಹೇಗೆ ಹತ್ತಿತು?"

"ಮುಖ ನಾನು ಹೊಲಿದದ್ದಲ್ಲವಲ್ಲ ಸ್ವಾಮಿ. ಅದಕ್ಕೆ ಕಾಜ ನೋಡಬೇಕಿಲ್ಲ."

ಗುಮಾಸ್ತರು ನಕ್ಕರು, ನ್ಯಾಯಾಧೀಶರೂ ತುಟಿ ಅಲುಗಿಸಿದರು. ಬರೆಸಿದ್ದು ಮಾತ್ರ ಇಷ್ಟು: ಸಾಕ್ಷಿಯು ಅಂಗಿಯನ್ನು ಗುರುತಿಸಲಿಲ್ಲ, ಆರೋಪಿಯನ್ನು ಗುರುತಿಸಿದನು. ಯಾವುದರ ತೂಕ ಹೆಚ್ಚೆಂದು ಹೇಳಲು ಇನ್ನೊಂದು ವಾಯಿದೆ ಬಿತ್ತು.

ಹೊರಗೆ ತಂಗಿ ಒಂದೇ ಕೈಯಲ್ಲಿ ಚೀಲದ ಬಾಯಿ ಕಟ್ಟಲು ಹೆಣಗುತ್ತಿದ್ದಳು. ಅವನು ಕೈಚಾಚಿದ.

"ಬಿಡು. ಒಂದು ಹೂಂ ಅನ್ನೋಕೆ ನಿನ್ನ ಗಂಟೇನು ಹೋಗ್ತಿತ್ತು ಅಣ್ಣಾ?"

"ಇಲ್ಲದ್ದಕ್ಕೆ ಹೂಂ ಅಂದ್ರೆ, ಇದ್ದದ್ದನ್ನ ಯಾರು ನಂಬ್ತಾರೆ?"

"ಈ ತೋಳು ಇದ್ದದ್ದೇ ಅಲ್ವಾ? ಮೂರು ವರ್ಷದಿಂದ ಇದನ್ನ ಯಾರು ನಂಬಿದ್ರು?"

ಅವನು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ತಾನು ಆಡಿದ್ದು ನಿಜವೆಂಬುದರಲ್ಲಿ ಸಂಶಯವಿರಲಿಲ್ಲ. ಆ ನಿಜದ ಬೆಲೆಯನ್ನು ಅವಳ ಕೈಯಿಂದ ತೆರಿಸಿದೆನೆಂಬುದರಲ್ಲೂ ಇರಲಿಲ್ಲ.

ಇಬ್ಬರಿಗೂ ಅದೇ ಬಸ್ಸು. ಅವಳು ಮುಂದೆ ಹತ್ತಿದಳು, ಅವನು ಹಿಂದೆ. ಕಂಡಕ್ಟರ್ ಬಂದಾಗ ರೂಢಿಯಂತೆ "ಎರಡು" ಎಂದ.

"ನಂದು ಆಗಿದೆ," ಎಂದಳು ಮುಂದಿನ ಸೀಟಿನಿಂದ, ಹಿಂತಿರುಗದೆ.